ಸಿಲಿಂಡರಿನ ಟೈಮಿಂಗ್ ತಪ್ಪಿದ ಕರಿಮದ್ದಿನ ರಿವಾಲ್ವರ್: ದೋಷ ಹುಡುಕಿ ಸರಿಪಡಿಸಿದ ಬಗೆ

ಚಿಕ್ಕಮಗಳೂರಿನಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದಿರುವ, ಪರವಾನಗಿ ಪಡೆದ ಕೋವಿ ರಿಪೇರಿ ಅಂಗಡಿ ನನ್ನದು. ನಮ್ಮಲ್ಲಿಗೆ ಬರುವುದರಲ್ಲಿ ಹೆಚ್ಚಿನವು ತೋಟದ ಮನೆಗಳ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು. ಆಗೊಮ್ಮೆ ಈಗೊಮ್ಮೆ ಅಜ್ಜನ ಕಾಲದ ಕೇಪಿನ ಕೋವಿ. ಗುಂಡು ತುಂಬುವ ಕೋಣೆಗಳಿರುವ ಸಿಲಿಂಡರ್ ಸುತ್ತುವ ಕರಿಮದ್ದಿನ ರಿವಾಲ್ವರ್ ನಮ್ಮ ಜಿಲ್ಲೆಯಲ್ಲಿ ತೀರ ಅಪರೂಪದ ವಸ್ತು. ಆದ್ದರಿಂದ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು, ಹೊರದೇಶದಲ್ಲಿ ಬಹಳ ವರ್ಷ ಇದ್ದು ಊರಿಗೆ ಮರಳಿದವರು, ತಮ್ಮ ಪರವಾನಗಿಯಲ್ಲಿ ನಮೂದಾಗಿದ್ದ 1851ರ ಕೋಲ್ಟ್ ನೇವಿ ಮಾದರಿಯ ಪ್ರತಿಕೃತಿಯೊಂದನ್ನು ತಂದು ಮೇಜಿನ ಮೇಲಿಟ್ಟಾಗ, ಕೈಯಲ್ಲಿದ್ದ ಬೇರೆ ಕೆಲಸವನ್ನು ಬದಿಗಿಟ್ಟು ಅದನ್ನೇ ನೋಡಲು ಕುಳಿತೆ.

ಅವರ ದೂರು ಎರಡು ಬಗೆಯದಾಗಿತ್ತು. ಹ್ಯಾಮರನ್ನು ನಿಧಾನವಾಗಿ ಎಳೆದರೆ ಸಿಲಿಂಡರ್ ತನ್ನ ಜಾಗಕ್ಕೆ ಬಂದು ಕೂರುವ ಮೊದಲೇ ನಿಂತುಬಿಡುತ್ತಿತ್ತು. ಸರಕ್ಕನೆ ಎಳೆದರೆ ಆ ಜಾಗವನ್ನು ದಾಟಿ ಮುಂದೆ ಹೋಗುತ್ತಿತ್ತು. ಜೊತೆಗೆ ಸಿಲಿಂಡರಿನ ಮೈಮೇಲೆ ಗೀರುಗಳೂ ಬಿದ್ದಿದ್ದವು. ಇದಕ್ಕೂ ಮೊದಲು ಬೇರೆ ಊರಿನಲ್ಲಿ ಯಾರೋ ಒಬ್ಬರು ಇದನ್ನು ಬಿಚ್ಚಿ ನೋಡಿ, ಒಳಗೆ ಸ್ವಲ್ಪ ಅರ ಆಡಿಸಿ, ‘ಹ್ಯಾಂಡ್ ಸವೆದಿದೆ, ಹೊಸದು ಹಾಕಿದರೆ ಸರಿಹೋಗುತ್ತದೆ’ ಎಂದು ಹೇಳಿ ಕಳುಹಿಸಿದ್ದರಂತೆ. ಕಂಪನಿಯ ಹ್ಯಾಂಡ್, ಬೋಲ್ಟ್ ಮತ್ತು ಸ್ಪ್ರಿಂಗುಗಳಿದ್ದ ಒಂದು ಪುಟ್ಟ ಪೊಟ್ಟಣ ರಿವಾಲ್ವರಿನೊಂದಿಗೇ ಹೊರದೇಶದಿಂದ ಬಂದಿತ್ತು. ಅದನ್ನು ನನ್ನ ಮುಂದಿಟ್ಟು, “ಇದನ್ನು ಹಾಕಿಕೊಟ್ಟರೆ ಸಾಕಲ್ಲವೇ?” ಎಂದು ಕೇಳಿದರು. “ಗೌಡರೇ, ಹ್ಯಾಂಡ್ ಹಾಕುವುದು ಸುಲಭ. ಆದರೆ ಅದು ಯಾಕೆ ಸೋಲುತ್ತಿದೆ ಅಂತ ಮೊದಲು ನೋಡಬೇಕು” ಎಂದೆ. ಟೈಮಿಂಗಿನ, ಅಂದರೆ ಸಿಲಿಂಡರ್ ತಿರುಗುವುದೂ ಅದಕ್ಕೆ ಬೀಗ ಬೀಳುವುದೂ ಹೊಂದಿಬರುವ ಹೊತ್ತಿನ, ತೊಂದರೆಯಲ್ಲಿ ದೋಷ ಕಣ್ಣಿಗೆ ಬೀಳುವ ಭಾಗ ಒಂದು, ಅದಕ್ಕೆ ಕಾರಣವಾದ ಭಾಗ ಇನ್ನೊಂದು ಆಗಿರುವುದೇ ಹೆಚ್ಚು. ಈ ರಿವಾಲ್ವರಿನಲ್ಲಿ ಅದು ಹೇಗೆ ತಿಳಿದುಬಂತು ಎಂಬುದನ್ನು ಈ ಕೆಲಸದಲ್ಲಿ ಆಸಕ್ತಿ ಇರುವವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ದೇಶದ ಕಾನೂನಿನಲ್ಲಿ ಬಂದೂಕಿನ ರಿಪೇರಿಗೂ ಪ್ರತ್ಯೇಕ ಪರವಾನಗಿ ಬೇಕು. ಆದ್ದರಿಂದ ಇದನ್ನು ಓದಿ ಯಾರೂ ಮನೆಯಲ್ಲಿ ಕೈ ಹಾಕಬಾರದು. ರಿಪೇರಿಗೆ ಕೊಟ್ಟಾಗ ಯಾವ ಪ್ರಶ್ನೆ ಕೇಳಬೇಕೆಂದು ತಿಳಿದುಕೊಂಡರೆ ಸಾಕು.

ಮೊದಲು ಈ ಯಂತ್ರದ ಕ್ರಮವನ್ನು ಹೇಳಬೇಕು. ಹ್ಯಾಮರನ್ನು ಎಳೆದರೆ ಸಿಲಿಂಡರ್ ತಾನಾಗಿ ತಿರುಗಿ, ಮುಂದಿನ ಕೋಣೆ ನಳಿಗೆಗೆ ನೇರವಾಗಿ ಬಂದು, ಅಲ್ಲಿಯೇ ಬಿಗಿಯಾಗಿ ನಿಲ್ಲಬೇಕು. ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಈ ಏರ್ಪಾಟಿಗೇ. 1851ರ ನೇವಿ ಮಾದರಿಯು .36 ಕ್ಯಾಲಿಬರಿನದು, ಆರು ಕೋಣೆಗಳದು. 1870ರ ದಶಕದ ಆರಂಭದವರೆಗೂ ತಯಾರಾಯಿತು. ಇಟಲಿಯ ವಾಲ್ ತ್ರೋಂಪಿಯಾ ಕಣಿವೆಯಲ್ಲಿ 1950ರ ದಶಕದ ಕೊನೆಯಿಂದ ಇದರ ಪ್ರತಿಕೃತಿಗಳು ತಯಾರಾಗುತ್ತಿವೆ, ಒಳಗಿನ ಏರ್ಪಾಟು ಮಾತ್ರ ಮೂಲದ್ದೇ. ಹ್ಯಾಮರ್ ಹಿಂದಕ್ಕೆ ಸರಿಯತೊಡಗಿದ ಕೂಡಲೇ ಅದರ ಬದಿಯಲ್ಲಿರುವ ಕ್ಯಾಮ್ ಎಂಬ ಉಬ್ಬು, ಸಿಲಿಂಡರಿಗೆ ಕೆಳಗಿನಿಂದ ಬೀಗ ಹಾಕುವ ಬೋಲ್ಟಿನ ಹಿಂಗಾಲನ್ನು ಮೇಲೆತ್ತುತ್ತದೆ. ಬೋಲ್ಟು ನಡುವಿನ ಸ್ಕ್ರೂವಿನ ಮೇಲೆ ಓಲಾಡುವುದರಿಂದ ಅದರ ತಲೆ ಕೆಳಗಿಳಿದು, ಸಿಲಿಂಡರಿನ ಮೈಯಲ್ಲಿರುವ ಕಚ್ಚಿನಿಂದ ಹೊರಬರುತ್ತದೆ. ಅದೇ ಹೊತ್ತಿಗೆ ಹ್ಯಾಮರಿಗೆ ಸೇರಿದ ಹ್ಯಾಂಡ್ ಎಂಬ ಸಣ್ಣ ಉಕ್ಕಿನ ಪಟ್ಟಿ ಮೇಲಕ್ಕೆ ಚಲಿಸಿ, ಕೆಸರಿಗೆ ಸಿಕ್ಕಿದ ಗಾಡಿಯ ಚಕ್ರವನ್ನು ಕಡ್ಡಿಗೆ ಕೈಕೊಟ್ಟು ತಳ್ಳುವಂತೆ, ಸಿಲಿಂಡರಿನ ಹಿಂಬದಿಯ ಹಲ್ಲನ್ನು ತಳ್ಳುತ್ತದೆ. ಹ್ಯಾಮರನ್ನು ಅರ್ಧ ಎಳೆದು ನಿಲ್ಲಿಸಿದ ‘ಅರ್ಧ ಕಾಕ್’ ಸ್ಥಿತಿಯಲ್ಲಿ ಬೋಲ್ಟ್ ಪೂರ್ತಿ ಕೆಳಗಿರುತ್ತದೆ, ಸಿಲಿಂಡರ್ ಕೈಯಿಂದ ಸಲೀಸಾಗಿ ಸುತ್ತುತ್ತದೆ; ಮದ್ದು ತುಂಬುವುದು ಆಗಲೇ. ಅಲ್ಲಿಂದ ಮುಂದಕ್ಕೆ ಎಳೆದಾಗ ಬೋಲ್ಟಿನ ಕಾಲು ಕ್ಯಾಮಿನಿಂದ ಜಾರಿ, ಬೋಲ್ಟಿನ ತಲೆ ಪುಟಿದೆದ್ದು, ಕಚ್ಚಿನ ಮುಂದಿರುವ ಇಳಿಜಾರಿನ ಮೇಲೆ ಬೀಳಬೇಕು. ನಂತರ ಸಿಲಿಂಡರ್ ಇನ್ನಷ್ಟು ತಿರುಗಿದಂತೆ ಅದು ಆ ಇಳಿಜಾರಿನಲ್ಲಿ ಜಾರಿ ಕಚ್ಚಿಗೆ ಬಂದು ಕೂರುವುದೂ, ಟ್ರಿಗರ್ ಹ್ಯಾಮರಿನ ಪೂರ್ಣ ಕಾಕ್ ಗೂಡಿಗೆ ಸೇರುವುದೂ ಒಂದೇ ಕ್ಷಣದಲ್ಲಿ ನಡೆಯಬೇಕು. ಕಿವಿಗೆ ಕೇಳುವ ‘ಟಕ್’ ಒಂದೇ ಆಗಿರಬೇಕು, ಎರಡಾಗಬಾರದು.

ಈ ಕ್ರಮ ತಪ್ಪಿದರೆ ಆಗುವುದು ಸಣ್ಣ ಅನಾನುಕೂಲವಲ್ಲ. ಕೋಣೆ ನಳಿಗೆಗೆ ಸರಿಯಾಗಿ ಹೊಂದದಿದ್ದರೂ ಹ್ಯಾಮರ್ ಕೇಪಿನ ಮೇಲೆ ಬೀಳಬಲ್ಲದು. ಆಗ ಸೀಸದ ಗುಂಡು ನಳಿಗೆಯ ಅಂಚಿಗೆ ತಾಗಿ, ಚೂರು ಬದಿಗೆ ಸಿಡಿಯುತ್ತದೆ. ಹತ್ತಿರ ನಿಂತವರ ಕಣ್ಣಿಗೆ ಅದು ಅಪಾಯ.

ಕೆಲಸ ಆರಂಭಿಸುವ ಮೊದಲು ಆರು ಕೋಣೆಗಳೂ ಖಾಲಿ ಎಂಬುದನ್ನು ಸಿಲಿಂಡರ್ ಹೊರತೆಗೆದು, ಕೇಪು ಕೂರುವ ನಿಪ್ಪಲುಗಳ ತೂತಿನಿಂದ ಬೆಳಕು ಕಾಣುವವರೆಗೆ ನೋಡಿಕೊಂಡೆ. ಕರಿಮದ್ದಿನ ಆಯುಧದಲ್ಲಿ ತೋಟೆ ಹೊರಗೆ ಎಳೆದು ಖಾಲಿ ಮಾಡುವ ವ್ಯವಸ್ಥೆ ಇಲ್ಲದಿರುವುದರಿಂದ, ಹೊರಗಿನಿಂದ ನೋಡಿ ಖಾಲಿ ಎಂದು ತೀರ್ಮಾನಿಸುವಂತಿಲ್ಲ. ನಂತರ ಮತ್ತೆ ಜೋಡಿಸಿ, ಮಾರ್ಕರ್ ಪೆನ್ನಿನಿಂದ ಕೋಣೆಗಳಿಗೆ ಒಂದರಿಂದ ಆರರವರೆಗೆ ಅಂಕಿ ಬರೆದು, ಸಿಲಿಂಡರಿನ ಮೇಲೆ ಒಂದು ಬೆರಳನ್ನು ಹಗುರವಾಗಿ ಊರಿ, ಹ್ಯಾಮರನ್ನು ಆದಷ್ಟು ನಿಧಾನವಾಗಿ ಎಳೆಯುತ್ತಾ ಪ್ರತಿ ಕೋಣೆಯ ವರ್ತನೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಈ ಪರೀಕ್ಷೆ ಮಾಡದೆ ಅರ ಕೈಗೆತ್ತಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ತೆಗೆದ ಉಕ್ಕನ್ನು ಮರಳಿ ಸೇರಿಸಲು ಬಾರದು. ಹಿಂದೆ ರಿಪೇರಿ ಮಾಡಿದವರು ಆರು ಕೋಣೆಗಳನ್ನೂ ಬೇರೆ ಬೇರೆಯಾಗಿ ನೋಡಿದ್ದರೆ ಮುಂದಿನ ಅರ್ಧ ಕೆಲಸ ಬೇಕಾಗುತ್ತಿರಲಿಲ್ಲ.

ಆರರಲ್ಲಿ ಎರಡು ಕೋಣೆಗಳು ಮಾತ್ರ ಜಾಗಕ್ಕೆ ಬಂದು ಕೂತವು, ನಾಲ್ಕು ಸೋತವು. ಹ್ಯಾಂಡ್ ಕೇವಲ ಗಿಡ್ಡವಾಗಿದ್ದರೆ ಸಿಲಿಂಡರ್ ತಿರುಗಿದಷ್ಟು ಹೊತ್ತು ಹಗುರವಾಗಿ ತಿರುಗಿ ಕೊನೆಯಲ್ಲಿ ನಿಲ್ಲುತ್ತದೆ. ಇಲ್ಲಿ ಮೊದಲಿನಿಂದಲೇ ಬಿಗಿ ಇತ್ತು. ನಳಿಗೆಯನ್ನು ಮೇಲೆ ಮಾಡಿ, ಕೆಳಗೆ ಮಾಡಿ ಎಳೆದು ನೋಡಿದೆ. ಹ್ಯಾಂಡಿನ ಸ್ಪ್ರಿಂಗ್ ಮುರಿದಿದ್ದರೆ ಒಂದು ಭಂಗಿಯಲ್ಲಿ ಹ್ಯಾಂಡ್ ಹಲ್ಲಿನಿಂದ ಹಿಂದೆ ಬಿದ್ದು ಸಿಲಿಂಡರ್ ತಿರುಗುವುದೇ ಇಲ್ಲ. ಇಲ್ಲಿ ಎರಡೂ ಭಂಗಿಯಲ್ಲಿ ಒಂದೇ ರೀತಿ ಇತ್ತು, ಹಾಗಾಗಿ ಆ ಸ್ಪ್ರಿಂಗಿನ ಮೇಲಿನ ಅನುಮಾನ ಹೋಯಿತು. ಅರ್ಧ ಕಾಕಿನಲ್ಲಿ ಕೈಯಿಂದ ಸುತ್ತಿದಾಗಲೂ ಸಿಲಿಂಡರಿನ ಮುಂಭಾಗ ನಳಿಗೆಯ ಹಿಂಬದಿಗೆ ಉಜ್ಜುತ್ತಿದ್ದಂತೆ ಕೈಗೆ ತಿಳಿಯುತ್ತಿತ್ತು. ಅದರ ಜೊತೆಗೆ ಪ್ರತಿ ಕಚ್ಚು ಹಾದುಹೋದಾಗಲೂ ಬಹಳ ಸಣ್ಣದಾಗಿ ‘ಚಿಕ್’ ಎಂಬ ಸದ್ದು ಬರುತ್ತಿತ್ತು. ಎರಡನ್ನೂ ಬರೆದುಕೊಂಡೆ.

ಫೀಲರ್ ಗೇಜಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದನ್ನು ಅಳೆಯಲು ಹೋದರೆ ಎರಡು ತೌ (ತೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ ಉಕ್ಕಿನ ಎಲೆಯೂ ಒಳಗೆ ಹೋಗಲಿಲ್ಲ. ಕರಿಮದ್ದಿನ ರಿವಾಲ್ವರಿಗೆ ಮೂರರಿಂದ ಆರು ತೌ, ಅಂದರೆ ಸುಮಾರು 0.08ರಿಂದ 0.15 ಮಿಲಿಮೀಟರ್ ಸಂದು ಇದ್ದರೆ ಒಳ್ಳೆಯದು. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಮಸಿಯಾಗಿ, ಉಪ್ಪಾಗಿ ಹಿಂದೆ ಉಳಿಯುವುದರಿಂದ ಸಂದು ತೀರ ಕಿರಿದಾಗಿದ್ದರೆ ಕೆಲವೇ ಗುಂಡುಗಳಲ್ಲಿ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ನಳಿಗೆಯನ್ನು ಚೌಕಟ್ಟಿಗೆ ಕಟ್ಟಿಹಾಕುವ ಬೆಣೆಯನ್ನು ಯಾರೋ ಸುತ್ತಿಗೆಯಿಂದ ಬಡಿದು ಬಹಳ ಒಳಕ್ಕೆ ಕೂರಿಸಿದ್ದರು. ಮರದ ತುಂಡನ್ನು ಅಡ್ಡ ಹಿಡಿದು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಟ್ಟಿದ ಮೇಲೆ ನಾಲ್ಕು ತೌ ಎಲೆ ಸಲೀಸಾಗಿ ಹೋಯಿತು. ನಿಧಾನದ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಸೋಲುತ್ತಿದ್ದ ನಾಲ್ಕು ಕೋಣೆಗಳಲ್ಲಿ ಎರಡು ತಾವಾಗಿ ಸರಿಹೋದವು. ಹ್ಯಾಂಡಿಗೆ ಇನ್ನೂ ಕೈ ಮುಟ್ಟಿಸಿರಲಿಲ್ಲ.

ಬೆಣೆ ಹೊಡೆದರೆ ನಳಿಗೆ ಹಿಂದಕ್ಕೆ ಬರುವುದು ಏಕೆ? ನಡುವಿನ ದಪ್ಪ ಗೂಟ, ಆರ್ಬರ್, ನಳಿಗೆಯ ಕೆಳಗಿನ ರಂಧ್ರದ ತಳಕ್ಕೆ ತಾಗಿ ನಿಲ್ಲಬೇಕು. ಹಾಗೆ ನಿಂತರೆ ಬೆಣೆಯನ್ನು ಎಷ್ಟು ಹೊಡೆದರೂ ನಳಿಗೆ ಹಿಂದಕ್ಕೆ ಸರಿಯಲಾರದು. ಆರ್ಬರ್ ಗಿಡ್ಡವಾಗಿದ್ದರೆ ಮುಂದೆ ಪೊಳ್ಳು ಉಳಿದು, ಬೆಣೆ ಒಳಹೋದಷ್ಟೂ ನಳಿಗೆ ಸಿಲಿಂಡರಿನ ಮೇಲೆ ಬಂದು ಒತ್ತುತ್ತದೆ. ಇದನ್ನು ಪರೀಕ್ಷಿಸಲು ಸಿಲಿಂಡರ್ ತೆಗೆದಿಟ್ಟು, ನಳಿಗೆಯನ್ನು ಓರೆಯಾಗಿ ತಿರುಗಿಸಿ, ಅದರ ಕೆಳಭಾಗ ಚೌಕಟ್ಟಿನ ಬದಿಗೆ ಬರುವಂತೆ ಆರ್ಬರಿನ ಮೇಲೆ ತಳದವರೆಗೂ ತೂರಿಸಿದೆ. ಆರ್ಬರ್ ಸರಿಯಾದ ಉದ್ದ ಇದ್ದಿದ್ದರೆ ನಳಿಗೆಯ ಕೆಳಭಾಗದ ಅಂಚು ಚೌಕಟ್ಟಿನ ಮುಂಭಾಗಕ್ಕೆ ಸಮನಾಗಿ ನಿಲ್ಲಬೇಕಿತ್ತು. ಇಲ್ಲಿ ಅದು ಚೌಕಟ್ಟಿನ ಮೇಲೆ ಒಂದು ಮಿಲಿಮೀಟರಿಗೂ ತುಸು ಹೆಚ್ಚು ಹೊದ್ದುಕೊಂಡಿತು. ಅಷ್ಟು ಪೊಳ್ಳು ರಂಧ್ರದ ತಳದಲ್ಲಿತ್ತು ಎಂದರ್ಥ. ಗಟ್ಟಿ ಉಕ್ಕಿನ ಒಂದು ಬಿಲ್ಲೆಯನ್ನು ರಂಧ್ರದ ಅಳತೆಗೆ ಲೇತಿನಲ್ಲಿ ತಿರುಗಿಸಿ, ತಳದಲ್ಲಿ ಕೂರಿಸಿ, ಅದರ ದಪ್ಪವನ್ನು ಸಾಣೆಕಲ್ಲಿನ ಮೇಲೆ ಚೂರುಚೂರೇ ಇಳಿಸುತ್ತಾ ಹೋದೆ. ಬೆಣೆಯನ್ನು ಬಿಗಿಯಾಗಿ ಕೂರಿಸಿದಾಗಲೂ ಸಂದು ನಾಲ್ಕು ತೌ ಉಳಿಯುವ ಹಂತಕ್ಕೆ ಬಂದಾಗ ನಿಲ್ಲಿಸಿದೆ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ತೆಗೆದುಕೊಂಡದ್ದು ಇದೇ. ಹೆಚ್ಚು ಫಲ ಕೊಟ್ಟದ್ದೂ ಇದೇ ಎಂದು ನನ್ನ ಅಭಿಪ್ರಾಯ. ಟೈಮಿಂಗ್ ಎಂದರೆ ಒಳಗಿನ ಸಣ್ಣ ಭಾಗಗಳ ವಿಷಯ ಎಂದುಕೊಂಡವರು ಬೆಣೆಯತ್ತ ನೋಡುವುದೇ ಇಲ್ಲ.

ಆಮೇಲೆ ಹಿಡಿಯ ಚೌಕಟ್ಟು, ಮುಖ್ಯ ಸ್ಪ್ರಿಂಗ್, ಹ್ಯಾಮರ್ ಹೀಗೆ ಒಂದೊಂದಾಗಿ ಬಿಚ್ಚಿ ಒಳಗೆ ನೋಡಿದೆ. 2023ರ ವಿಧಾನಸಭೆ ಚುನಾವಣೆಯ ಮುಂಚೆ ಇತರ ಪರವಾನಗಿದಾರರಂತೆ ಗೌಡರೂ ಆಯುಧವನ್ನು ಠಾಣೆಗೆ ಒಪ್ಪಿಸಿ, ಮಳೆ ಹಿಡಿದ ಮೇಲೆ ವಾಪಸು ಪಡೆದಿದ್ದರು. ಒಪ್ಪಿಸುವ ಮೊದಲು ಹೊರಮೈಗೆ ಎಣ್ಣೆ ಸವರಿದ್ದರೂ ಒಳಭಾಗಕ್ಕೆ ಎಣ್ಣೆ ಮುಟ್ಟಿರಲಿಲ್ಲ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಮೂಡಿಗೆರೆಯ ಮಳೆಗಾಲದಲ್ಲಿ ಅದು ಉಕ್ಕನ್ನು ತಿನ್ನಲು ಹೆಚ್ಚು ಸಮಯ ಬೇಡ. ಬೋಲ್ಟಿನ ತಲೆ ಮೇಲೆ ಬರುವ ಚೌಕಟ್ಟಿನ ಕಿಂಡಿಯಲ್ಲಿ ಮಸಿ ಮತ್ತು ತುಕ್ಕು ಸೇರಿ ಕಂದು ಬಣ್ಣದ ಗಟ್ಟಿ ಪದರವಾಗಿತ್ತು. ಒಂದು ಮೂಲೆಯಲ್ಲಿ ಒಡೆದ ಕೇಪಿನ ತಾಮ್ರದ ಚೂರೂ ಇತ್ತು.

ಬೋಲ್ಟನ್ನು ಭೂತಗನ್ನಡಿಯಲ್ಲಿ ನೋಡಿದಾಗ ಎರಡನೆಯ ದೂರಿನ ಕತೆ ಬಿಚ್ಚಿಕೊಂಡಿತು. ಅದರ ತಲೆಯ ಅಂಚು ಸವೆದು ದುಂಡಾಗಿತ್ತು. ಒಂದೇ ಸ್ಕ್ರೂವಿನಲ್ಲಿ ನಿಂತು, ಸೀಳಿದ ಎರಡು ಎಸಳಿನಿಂದ ಟ್ರಿಗರನ್ನೂ ಬೋಲ್ಟನ್ನೂ ಒತ್ತುವ ಚಪ್ಪಟೆ ಸ್ಪ್ರಿಂಗಿನಲ್ಲಿ ಬೋಲ್ಟಿನ ಕಡೆಯ ಎಸಳು ಸೋತಿತ್ತು. ದುಂಡಾದ ತಲೆ, ಸೋತ ಸ್ಪ್ರಿಂಗ್, ತುಕ್ಕಿನಿಂದ ಬಿಗಿಯಾದ ಕಿಂಡಿ ಮೂರೂ ಸೇರಿದ್ದರಿಂದ, ಹ್ಯಾಮರನ್ನು ವೇಗವಾಗಿ ಎಳೆದಾಗ ಬೋಲ್ಟು ಕಚ್ಚಿನ ಆಳಕ್ಕೆ ಇಳಿಯುವಷ್ಟರಲ್ಲಿ ಸಿಲಿಂಡರ್ ದಾಟಿಬಿಡುತ್ತಿತ್ತು. ಹಿಂದಿನ ರಿಪೇರಿಯವರು ಇದನ್ನು ‘ಬೋಲ್ಟ್ ತಡವಾಗಿ ಏಳುತ್ತಿದೆ’ ಎಂದು ಅರ್ಥ ಮಾಡಿಕೊಂಡು, ಬೇಗ ಏಳಲಿ ಎಂದು ಅದರ ಹಿಂಗಾಲಿನ ತುದಿಯನ್ನು ಅರದಿಂದ ಗಿಡ್ಡ ಮಾಡಿದ್ದರು. ಅರದ ಗೀರುಗಳು ಇನ್ನೂ ಹೊಳೆಯುತ್ತಿದ್ದವು. ಕಾಲು ಗಿಡ್ಡವಾದರೆ ಅದು ಕ್ಯಾಮಿನಿಂದ ಬೇಗ ಜಾರಿ ಬೋಲ್ಟು ಬೇಗ ಏಳುತ್ತದೆ ಎಂಬುದು ನಿಜವೇ. ಆದರೆ ಇಲ್ಲಿ ಅದು ಎಷ್ಟು ಬೇಗ ಎದ್ದಿತೆಂದರೆ ಅರ್ಧ ಕಾಕಿನಲ್ಲಿಯೇ ತಲೆ ಸಿಲಿಂಡರಿಗೆ ಸೋಕತೊಡಗಿತು. ಮೊದಲು ಕೇಳಿಸಿದ್ದ ‘ಚಿಕ್’ ಸದ್ದು ಅದೇ.

ಗೀರಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಸಿಲಿಂಡರಿನ ಸುತ್ತ ಗೀರು ಬಿದ್ದ ಮಾತ್ರಕ್ಕೆ ಬೋಲ್ಟ್ ಕೆಟ್ಟಿದೆ ಎನ್ನಲಾಗದು. ಅರ್ಧ ಕಾಕಿನಿಂದ ಹ್ಯಾಮರನ್ನು ನೇರವಾಗಿ ಕೆಳಗಿಳಿಸುವ ಅಭ್ಯಾಸ ಇದ್ದವರ ಕೈಯಲ್ಲಿ, ಬೋಲ್ಟು ಎರಡು ಕಚ್ಚುಗಳ ನಡುವೆ ಸಿಲಿಂಡರಿನ ಮೇಲೆ ನಿಂತುಬಿಟ್ಟು, ಅದು ತಿರುಗಿದಾಗ ಮೈಯನ್ನು ಗೀರುತ್ತದೆ. ಆಗ ಒಡೆಯದ ಪೂರ್ತಿ ಉಂಗುರ ಬೀಳುತ್ತದೆ. ಅರ್ಧ ಕಾಕಿನಿಂದ ಪೂರ್ತಿ ಎಳೆದು, ನಂತರ ಹೆಬ್ಬೆರಳಿನಲ್ಲಿ ಹಿಡಿದು ಇಳಿಸುವುದೇ ಸರಿಯಾದ ಕ್ರಮ. ಗೌಡರನ್ನು ಕೇಳಿದೆ, ಅವರು ಆ ಕ್ರಮವನ್ನೇ ಪಾಲಿಸುತ್ತಿದ್ದರು. ಅದಕ್ಕೆ ತಕ್ಕಂತೆ ಈ ಸಿಲಿಂಡರಿನ ಗೀರೂ ಪೂರ್ತಿ ಉಂಗುರವಾಗಿರಲಿಲ್ಲ. ಎರಡು ಕಚ್ಚುಗಳ ಹೆಚ್ಚು ಕಡಿಮೆ ನಡುಭಾಗದಲ್ಲಿ ಶುರುವಾಗಿ ಮುಂದಿನ ಕಚ್ಚಿನಲ್ಲಿ ಮುಗಿಯುತ್ತಿತ್ತು. ಆರೂ ಕಡೆ ಒಂದೇ ಉದ್ದ. ಬೋಲ್ಟು ಪ್ರತಿ ಸಲವೂ ಒಂದೇ ಹಂತದಲ್ಲಿ, ಬೇಗನೆ, ಬೀಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗಿಡ್ಡವಾದ ಕಾಲನ್ನು ಉದ್ದ ಮಾಡಲಾಗದು. ಆದ್ದರಿಂದ ಪೊಟ್ಟಣದಲ್ಲಿದ್ದ ಹೊಸ ಬೋಲ್ಟನ್ನೂ ಹೊಸ ಸ್ಪ್ರಿಂಗನ್ನೂ ತೆಗೆದುಕೊಂಡೆ. ಕಿಂಡಿಯನ್ನು ಬಿಸಿನೀರು, ಹಿತ್ತಾಳೆ ಕಡ್ಡಿ ಮತ್ತು ಎಣ್ಣೆಯಿಂದ ಶುದ್ಧ ಮಾಡಿದೆ. ಅರ ಹಾಕಿ ಅಗಲ ಮಾಡಲಿಲ್ಲ. ಬೋಲ್ಟಿನ ತಲೆ ಆರೂ ಕಚ್ಚುಗಳಲ್ಲಿ ಅಲುಗಾಡದೆ, ಆದರೆ ಬಲವಂತವಿಲ್ಲದೆ ಕೂರುವಂತೆ ಬದಿಗಳನ್ನು ಸಾಣೆಕಲ್ಲಿನಲ್ಲಿ ತಿಕ್ಕಿದೆ. ಕಾಲನ್ನು ಮಾತ್ರ ಆ ಹಂತದಲ್ಲಿ ಮುಟ್ಟಲಿಲ್ಲ, ಏಕೆಂದರೆ ಹ್ಯಾಂಡ್ ಕೂತ ಮೇಲೆಯೇ ಬೋಲ್ಟು ಏಳಬೇಕಾದ ಕ್ಷಣ ನಿಶ್ಚಯವಾಗುವುದು.

ಹ್ಯಾಂಡಿನ ತುದಿಯಲ್ಲಿ ಸವಕಳಿ ಇದ್ದದ್ದು ನಿಜ. ಬೆಣೆ ಸರಿಯಾದ ಮೇಲೂ ಎರಡನೆಯ ಮತ್ತು ಐದನೆಯ ಕೋಣೆಗಳು ಸೋಲುತ್ತಿದ್ದವು, ಆ ಎರಡರ ಹಲ್ಲುಗಳು ಉಳಿದವಕ್ಕಿಂತ ತುಸು ತಗ್ಗಾಗಿದ್ದವು. ಹೊಸ ಹ್ಯಾಂಡ್ ಬೇಕೆಂದೇ ಉದ್ದವಾಗಿ ಬರುತ್ತದೆ. ಹಾಗೆಯೇ ಹಾಕಿದರೆ ಬೋಲ್ಟು ಕಚ್ಚಿನಲ್ಲಿ ಕೂತ ಮೇಲೂ ಹ್ಯಾಂಡ್ ಹಲ್ಲನ್ನು ತಳ್ಳುತ್ತಲೇ ಇದ್ದು, ಹ್ಯಾಮರ್ ಪೂರ್ಣ ಕಾಕಿಗೆ ಬಾರದೆ ನಡುವೆ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ಎಳೆದರೆ ಕಚ್ಚಿನ ಅಂಚು ಜಜ್ಜಿಹೋಗುತ್ತದೆ. ಆದ್ದರಿಂದ ಅದರ ತುದಿಯ ಓರೆಯನ್ನು ಬದಲಿಸದೆ, ತುದಿಯನ್ನಷ್ಟೇ ಸಾಣೆಕಲ್ಲಿನಲ್ಲಿ ತಿಕ್ಕುವುದು, ಜೋಡಿಸುವುದು, ಆರು ಕೋಣೆಗಳನ್ನೂ ನಿಧಾನವಾಗಿ ನೋಡುವುದು, ಮತ್ತೆ ಬಿಚ್ಚುವುದು, ಹೀಗೆ ಮುಂದುವರಿಸಿದೆ. ಅತಿ ಸೋಲುವ ಕೋಣೆಗೆ, ಅಂದರೆ ಐದನೆಯದಕ್ಕೆ, ಹ್ಯಾಂಡ್ ಸರಿಯಾದಾಗ ಅದನ್ನು ಮುಟ್ಟುವುದನ್ನು ನಿಲ್ಲಿಸಿದೆ. ಆಗ ಒಂದನೆಯ ಮತ್ತು ನಾಲ್ಕನೆಯ ಕೋಣೆಗಳಲ್ಲಿ ತುಸು ಬಿಗಿ ಉಳಿದಿತ್ತು. ಅವುಗಳಿಗಾಗಿ ಹ್ಯಾಂಡನ್ನು ಇನ್ನೂ ಇಳಿಸಿದ್ದರೆ ಐದನೆಯದು ಮತ್ತೆ ಸೋಲುತ್ತಿತ್ತು. ಆದ್ದರಿಂದ ಆ ಎರಡು ಹಲ್ಲುಗಳನ್ನೇ ಸೂಜಿಯಂಥ ಸಣ್ಣ ಅರದಿಂದ ಬಹಳ ಲಘುವಾಗಿ ಇಳಿಸಿದೆ. ಹ್ಯಾಂಡ್ ಆರಕ್ಕೂ ಸಾಮಾನ್ಯ, ಹಲ್ಲು ತನ್ನೊಂದು ಕೋಣೆಗೆ ಮಾತ್ರ ಸಂಬಂಧಿಸಿದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಲ್ಲಿ ಗೊಂದಲವಾಗುವುದಿಲ್ಲ.

ಕೊನೆಗೆ ಉಳಿದದ್ದು ಬೋಲ್ಟಿನ ಕಾಲು. ಅದು ಉದ್ದವಾಗಿದ್ದುದರಿಂದ ಪೂರ್ಣ ಕಾಕ್ ಬಂದರೂ ಬೋಲ್ಟು ಏಳುತ್ತಿರಲಿಲ್ಲ. ಸಿಲಿಂಡರಿನ ಮೈಗೆ ಕಚ್ಚುಗಳ ಸಾಲಿನಲ್ಲಿ ಮಾರ್ಕರಿನ ಶಾಯಿ ಬಳಿದು, ಕಾಲಿನ ತುದಿಗೆ ಅರವನ್ನು ಒಂದೆರಡು ಬಾರಿ ಆಡಿಸಿ, ಜೋಡಿಸಿ, ಎಳೆದು, ಶಾಯಿಯಲ್ಲಿ ಬಿದ್ದ ಗುರುತನ್ನು ನೋಡುತ್ತಾ ಹೋದೆ. ಮೊದಲು ಗುರುತೇ ಇರಲಿಲ್ಲ. ಆಮೇಲೆ ಕಚ್ಚಿನ ಬಾಯಲ್ಲಿಯೇ ಒಂದು ಚುಕ್ಕೆ ಮೂಡಿತು. ಇದು ಇನ್ನೂ ತಡ, ಏಕೆಂದರೆ ವೇಗವಾಗಿ ಎಳೆದಾಗ ದಾಟುವ ಸಾಧ್ಯತೆ ಉಳಿಯುತ್ತದೆ. ಇನ್ನಷ್ಟು ಇಳಿಸಿದ ಮೇಲೆ ಶಾಯಿಯಲ್ಲಿ ಎಳೆಯಂಥ ಬಿಳಿ ಗೀರು ಇಳಿಜಾರಿನ ಆರಂಭದಲ್ಲಿ ಹುಟ್ಟಿ, ಅದರೊಳಗೇ ಸಾಗಿ ಕಚ್ಚಿನಲ್ಲಿ ಕೊನೆಗೊಂಡಿತು. ಇಳಿಜಾರಿನ ಹೊರಗಿನ ಶಾಯಿ ಹಾಗೆಯೇ ಇತ್ತು. ಆರೂ ಕಡೆ ಇದೇ ರೀತಿ ಇರುವುದನ್ನು ಖಚಿತಪಡಿಸಿಕೊಂಡು ಅರವನ್ನು ಕೆಳಗಿಟ್ಟೆ. ಅರ್ಧ ಕಾಕಿನಲ್ಲಿ ಸುತ್ತಿದಾಗ ಈಗ ‘ಚಿಕ್’ ಸದ್ದು ಇರಲಿಲ್ಲ. ನಿಧಾನವಾಗಿ ಎಳೆದರೂ ವೇಗವಾಗಿ ಎಳೆದರೂ ‘ಟಕ್’ ಒಂದೇ ಬಾರಿ ಕೇಳಿತು.

ನೇರ ನಿಂತಿದೆ ಎಂಬುದನ್ನು ಕಿವಿಯಿಂದ ಮಾತ್ರ ತೀರ್ಮಾನಿಸಬಾರದು. ನಳಿಗೆಯ ಒಳ ಅಳತೆಗೆ ಸರಿಯಾಗಿ ಹೊಂದುವ ಹಿತ್ತಾಳೆ ಸರಳನ್ನು ಲೇತಿನಲ್ಲಿ ತಿರುಗಿಸಿ, ಬಾಯಿಯಿಂದ ಒಳಕ್ಕೆ ಬಿಟ್ಟು, ಪ್ರತಿ ಕೋಣೆಯೂ ಬೀಗ ಬಿದ್ದ ಸ್ಥಿತಿಯಲ್ಲಿರುವಾಗ ಅದು ತಡೆಯಿಲ್ಲದೆ ಕೋಣೆಯೊಳಗೆ ಇಳಿಯುತ್ತದೆಯೇ ಎಂದು ನೋಡಿದೆ. ಐದು ಕೋಣೆಗಳಲ್ಲಿ ಅದು ತನ್ನ ತೂಕಕ್ಕೇ ಇಳಿಯಿತು. ಐದನೆಯದರಲ್ಲಿ ಮಾತ್ರ ಬೆರಳಿನ ಲಘು ಒತ್ತು ಬೇಕಾಯಿತು, ಆದರೆ ಅಂಚಿಗೆ ತಾಗಿ ನಿಲ್ಲಲಿಲ್ಲ. ಆ ತಗ್ಗು ಹಲ್ಲು ಇನ್ನಷ್ಟು ಸವೆದರೆ ಮೊದಲು ತೊಂದರೆ ಕೊಡುವುದು ಅದೇ ಕೋಣೆ ಎಂದು ಗೌಡರಿಗೆ ತಿಳಿಸಿ, ರಿಜಿಸ್ಟರಿನಲ್ಲಿಯೂ ಬರೆದಿಟ್ಟಿದ್ದೇನೆ.

ಒಪ್ಪಿಸುವಾಗ ಅವರು ಸಿಲಿಂಡರಿನ ಗೀರುಗಳನ್ನು ಉಜ್ಜಿ ತೆಗೆದು ಹೊಸ ಬಣ್ಣ ಹಾಕಿಕೊಡಲು ಕೇಳಿದರು. ನಾನು ಒಪ್ಪಲಿಲ್ಲ. ಮೂಲ ನೇವಿ ಮಾದರಿಯ ಸಿಲಿಂಡರಿನ ಮೇಲೆ 1843ರ ಮೇ 16ರಂದು ಮೆಕ್ಸಿಕೋದ ಕ್ಯಾಂಪೇಚೆ ಬಳಿ ನಡೆದ ನೌಕಾಯುದ್ಧದ ಚಿತ್ರವಿತ್ತು. ಈ ಪ್ರತಿಕೃತಿಯಲ್ಲಿಯೂ ಹಡಗುಗಳು ಸಣ್ಣ ಗೆರೆಗಳಲ್ಲಿ ಮೂಡಿವೆ, ಮತ್ತು ಗೀರು ಹೋಗುವಷ್ಟು ಉಜ್ಜಿದರೆ ಹಡಗುಗಳೂ ಹೋಗುತ್ತವೆ. ಅದರ ಬದಲು ಬೆಣೆಯನ್ನು ಹೇಗೆ ಕೂರಿಸಬೇಕೆಂದು ಅವರ ಕೈಯಲ್ಲೇ ಮಾಡಿಸಿ ತೋರಿಸಿದೆ. ಗುಂಡು ಹಾರಿಸಿದ ದಿನವೇ, ಮರುದಿನಕ್ಕೆ ಬಿಡದೆ, ಸಿಲಿಂಡರ್ ಮತ್ತು ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬೋಲ್ಟಿನ ಕಿಂಡಿಗೂ ಒಂದು ಹನಿ ಎಣ್ಣೆ ಬಿಡಬೇಕೆಂದೂ, ಮುಂದಿನ ಚುನಾವಣೆಗೆ ಠಾಣೆಗೆ ಒಪ್ಪಿಸುವ ಮೊದಲು ಒಮ್ಮೆ ನಮ್ಮಲ್ಲಿಗೆ ತಂದರೆ ಒಳಭಾಗವನ್ನು ಬಿಚ್ಚಿ ಎಣ್ಣೆ ಹಾಕಿಕೊಡುವೆನೆಂದೂ ಹೇಳಿ ಕಳುಹಿಸಿಕೊಟ್ಟೆ.